ಆ ನಾಲ್ಕು ಖಾಲಿ ಜಾಗ

ಸ್ಟ್ಯಾಕ್ ಓವರ್‌ಫ್ಲೋ ಎಂಬ ಪ್ರೋಗ್ರಾಮಿಂಗ್ ಪ್ರಶ್ನೋತ್ತರಗಳ ತಾಣದಲ್ಲಿ ನಾನು ಸೂಚಿಸಿದ ತಿದ್ದುಪಡಿಗಳು ಒಂದರ ಹಿಂದೊಂದು ತಿರಸ್ಕೃತವಾಗುತ್ತಿದ್ದ ಕಾಲವೊಂದಿತ್ತು. ಅಲ್ಲಿ 2,000 ಅಂಕ ದಾಟದವರು ಬೇರೆಯವರ ಬರಹ ತಿದ್ದಿದರೆ ಅದು ನೇರವಾಗಿ ಕಾಣಿಸಿಕೊಳ್ಳುವುದಿಲ್ಲ. ಹೆಚ್ಚು ಅಂಕವುಳ್ಳ ಸದಸ್ಯರೋ ಬರೆದವರೋ ನೋಡಿ ಒಪ್ಪಬೇಕು. ಒಪ್ಪಿದರೆ 2 ಅಂಕ. ಸುಳ್ಳೇಕೆ, ನನ್ನ ಕಣ್ಣೆಲ್ಲ ಆ 2 ಅಂಕದ ಮೇಲೆಯೇ ಇತ್ತು. ಸಿಕ್ಕ ಸಿಕ್ಕ ಪ್ರಶ್ನೆ ತೆರೆದು, ಒಂದು ಕಾಗುಣಿತ ಸರಿಪಡಿಸಿ, ಮುಂದಕ್ಕೆ ಓಡುತ್ತಿದ್ದೆ. ಕನಿಷ್ಠ 6 ಅಕ್ಷರ ಬದಲಾಗಬೇಕೆಂಬ ನಿಯಮವಿದೆಯಲ್ಲ, ಆ ಲೆಕ್ಕ ತುಂಬಿಸಲು ‘ಪೈಥಾನ್’ ಎಂಬ ಪ್ರೋಗ್ರಾಮಿಂಗ್ ಭಾಷೆಯ ಹೆಸರು ಕಂಡಲ್ಲೆಲ್ಲ ಅದನ್ನು ಕೋಡ್‌ನ ಅಕ್ಷರಶೈಲಿಗೆ ತಿರುಗಿಸುತ್ತಿದ್ದೆ. ಅದರಿಂದ ಓದುವವರಿಗೆ ಕಾಸಿನ ಉಪಯೋಗವಿರಲಿಲ್ಲ.

ಕಣ್ಣು ತೆರೆಸಿದ್ದು ಒಂದು ಪೈಥಾನ್ ಪ್ರಶ್ನೆ. ಪಟ್ಟಿಯಲ್ಲಿನ ಸಂಖ್ಯೆಗಳನ್ನು ಕೂಡಿಸುವ ಫಂಕ್ಷನ್, ಅಂದರೆ ಒಂದು ಕೆಲಸ ಮಾಡಿ ಫಲಿತಾಂಶ ಕೊಡುವ ಕೋಡ್ ತುಣುಕು. ಮೂರು ಸಂಖ್ಯೆ ಕೊಟ್ಟರೂ ಮೊದಲನೆಯದಷ್ಟೇ ವಾಪಸ್ ಬರುತ್ತಿದೆ, ಏಕೆ ಎಂದು ಕೇಳಿದ್ದರು. ವಾಕ್ಯಗಳನ್ನು ತಿದ್ದಿದೆ. ಕೋಡ್‌ನ ಸಾಲುಗಳೂ ಓರೆಕೋರೆಯಾಗಿ ಕಂಡವು. ಫಲಿತಾಂಶ ವಾಪಸ್ ಕೊಡುವ ‘ರಿಟರ್ನ್’ ಸಾಲಿನ ಮುಂದಿದ್ದ ನಾಲ್ಕು ಖಾಲಿ ಜಾಗ ಅಳಿಸಿ, ಅದನ್ನು, ಒಂದೊಂದು ಸಂಖ್ಯೆಗೂ ಮರುಕಳಿಸುವ ‘ಫಾರ್’ ಲೂಪಿನಿಂದ ಎಡಕ್ಕೆಳೆದು ಅಚ್ಚುಕಟ್ಟು ಮಾಡಿದೆ. ಪೈಥಾನ್‌ನಲ್ಲಿ ಯಾವ ಸಾಲು ಯಾವುದರ ಒಳಗಿದೆ ಎಂದು ತಿಳಿಸುವುದೇ ಆ ಜಾಗ! ಒಳಗಿದ್ದ ರಿಟರ್ನ್ ಮೊದಲ ಸುತ್ತಿನಲ್ಲೇ ಫಂಕ್ಷನ್ ಮುಗಿಸುತ್ತಿತ್ತು. ಅವರ ತೊಂದರೆಯೇ ಅದು. ನನ್ನ ತಿದ್ದುಪಡಿ ಒಪ್ಪಿಗೆಯಾಗಿದ್ದರೆ ಪ್ರಶ್ನೆಯೇ ಮಾಯವಾಗಿ, ಕೆಳಗೆ ‘ರಿಟರ್ನ್ ಹೊರಗೆ ತನ್ನಿ’ ಎಂದು ಉತ್ತರಿಸಿದ್ದವರು ಪೆದ್ದರಂತೆ ಕಾಣುತ್ತಿದ್ದರು. ಬರೆದವರ ಉದ್ದೇಶಕ್ಕೆ ವಿರುದ್ಧವಾಗಿದೆ ಎಂಬ ಕಾರಣ ಕೊಟ್ಟು ಪರಿಶೀಲಿಸಿದವರು ಅದನ್ನು ತಳ್ಳಿಹಾಕಿದರು. ಅರ್ಧ ಗಂಟೆ ಸಿಟ್ಟಿತ್ತು, ಆಮೇಲೆ ನಾಚಿಕೆಯಾಯಿತು.

ಅಂದಿನಿಂದ ಪ್ರಶ್ನೆಯಲ್ಲಿರುವ ಕೋಡ್‌ನ ತಪ್ಪಿಗೆ ಕೈ ಹಾಕುವುದಿಲ್ಲ. ಮೊದಲು ಉತ್ತರಗಳನ್ನೂ ಓದುತ್ತೇನೆ. ಭಾಷೆ ತಿದ್ದುವುದಾದರೆ ಶೀರ್ಷಿಕೆಯಿಂದ ಹಿಡಿದು ಕೊನೆಯ ‘ಮುಂಗಡ ಧನ್ಯವಾದಗಳು’ವರೆಗೆ ಒಂದೇ ಸಲ ಮುಗಿಸುತ್ತೇನೆ, ಅರೆಬರೆ ಬಿಟ್ಟರೆ ಇನ್ನೊಬ್ಬರು ಮತ್ತೆ ಬರಬೇಕು. ಬೇರೆಯವರ ಉತ್ತರ ತಪ್ಪೆನಿಸಿದರೆ ಕಾಮೆಂಟ್ ಹಾಕುತ್ತೇನೆ, ಬೇರೆ ದಾರಿ ಗೊತ್ತಿದ್ದರೆ ನನ್ನದೇ ಉತ್ತರ ಬರೆಯುತ್ತೇನೆ. ಏನು ಬದಲಿಸಿದೆ ಎಂದು ತಿಳಿಸುವ ಜಾಗದಲ್ಲಿ ‘ವ್ಯಾಕರಣ ಸರಿಪಡಿಸಿದೆ’ ಎಂದು ಕೈತೊಳೆದುಕೊಳ್ಳದೆ, ಚಿತ್ರದಲ್ಲಿದ್ದ ದೋಷಸಂದೇಶವನ್ನು ಪಠ್ಯವಾಗಿ ಟೈಪ್ ಮಾಡಿದ್ದರೆ ಅದನ್ನೇ ಸ್ಪಷ್ಟವಾಗಿ ಬರೆಯುತ್ತೇನೆ.

2,000 ದಾಟಿದ ಮೇಲೆ ಬೇರೆಯವರ ತಿದ್ದುಪಡಿ ಪರಿಶೀಲಿಸುವ ಕೆಲಸ ನನ್ನ ಪಾಲಿಗೂ ಬಂದಿದೆ. ಪೈಥಾನ್ ಎಂದು ಕಂಡರೆ ಹಳೆಯ ಮತ್ತು ಹೊಸ ಪಠ್ಯವನ್ನು ಅಕ್ಕಪಕ್ಕ ಇಟ್ಟುಕೊಂಡು ಸಾಲಿನ ಮುಂದಿನ ಜಾಗಗಳನ್ನು ಎಣಿಸುತ್ತೇನೆ.