ಇದ್ದ ಬಟ್ಟೆಯಲ್ಲೇ ಬಕ್ರೀದ್

ರಂಜಾನ್ ಹಬ್ಬಕ್ಕೆ ಹೊಸ ಬಟ್ಟೆ, ಬಕ್ರೀದ್‌ಗೆ ಒಳ್ಳೆ ಬಟ್ಟೆ. ನಮ್ಮ ಮನೆಯಲ್ಲಿ ಮೊದಲಿಂದ ನಡೆದುಕೊಂಡು ಬಂದಿದ್ದು ಹೀಗೆ. ಹಬ್ಬದ ದಿನ ಇದ್ದುದರಲ್ಲಿ ಚೆನ್ನಾಗಿರೋದನ್ನು ಹಾಕಿಕೊಳ್ಳಬೇಕು ಅನ್ನುವುದು ಸುನ್ನತ್, ಅಂದರೆ ಪ್ರವಾದಿಯವರು ನಡೆದು ತೋರಿಸಿದ ರೀತಿ. ಅಂಗಡಿಯಿಂದ ಹೊಸದೇ ತರಬೇಕು ಅಂತ ಎಲ್ಲೂ ಇಲ್ಲ. ಆದರೂ ಈಗ ಪುಣೆಯ ಅಂಗಡಿಗಳಲ್ಲಿ ‘ಬಕ್ರೀದ್ ಸ್ಪೆಷಲ್’ ಅಂತ ಬೋರ್ಡ್ ಬೀಳುತ್ತದೆ. ಬೀಳಲಿ, ಅವರ ವ್ಯಾಪಾರ ಅವರಿಗೆ. ನಾನು ಮಾತ್ರ ಆ ಕಡೆ ತಲೆ ಹಾಕುವುದಿಲ್ಲ.

ಲೆಕ್ಕ ಸರಳ. ನಮ್ಮ ಚಾಂದ್ರ ತಿಂಗಳುಗಳಲ್ಲಿ ರಂಜಾನ್ ಈದ್ ಶವ್ವಾಲ್ 1ಕ್ಕೆ, ಬಕ್ರೀದ್ ಜಿಲ್‌ಹಜ್ 10ಕ್ಕೆ. ನಡುವೆ ಎರಡು ತಿಂಗಳು, ಮೇಲೆ ಒಂಬತ್ತು ದಿನ. ಅಷ್ಟರಲ್ಲಿ ಮಕ್ಕಳು ಎಷ್ಟು ಬೆಳೆದಾರು? ಅದೂ ಅಲ್ಲದೆ ಈಗ ಕೆಲವು ವರ್ಷಗಳಿಂದ ಬಕ್ರೀದ್ ಜೂನ್ ಆಸುಪಾಸಿನಲ್ಲೇ ಬರುತ್ತಿದೆ. ಮಹಾರಾಷ್ಟ್ರದಲ್ಲಿ ಶಾಲೆ ಶುರುವಾಗುವುದು ಜೂನ್ ಮಧ್ಯಕ್ಕೆ. ಯೂನಿಫಾರ್ಮು, ಪುಸ್ತಕ, ರೇನ್‌ಕೋಟು, ಅದರ ಮೇಲೆ ಕುರ್ಬಾನಿಯ ಆಡು. ಆಡಿನ ಬೆಲೆ ಕೇಳಿದ ಮೇಲೆ ಬಟ್ಟೆ ಅಂಗಡಿಗೆ ಹೋಗುವ ಧೈರ್ಯ ಯಾರಿಗಿದೆ?

ನಾನು ಹುಬ್ಬಳ್ಳಿಯವಳು. ಮದುವೆಯಾಗಿ ಪುಣೆಗೆ ಬಂದೆ, ಕೋಂಢ್ವಾದಲ್ಲಿ ಮನೆ. ಮನೆಯಲ್ಲೇ ಹೊಲಿಗೆ: ಫಾಲ್, ಪಿಕೋ, ಬ್ಲೌಸು, ಆಲ್ಟರು. ಮನೆಯೊಳಗೆ ಮಾತೆಲ್ಲ ದಖನಿ. ಟೇಪು ಕೈಗೆ ಬಂದರೆ ಮಾತ್ರ ಎಣಿಕೆ ಕನ್ನಡದಲ್ಲೇ ಬರುತ್ತದೆ. ನಮ್ಮ ಮನೆಯ ಬಕ್ರೀದ್ ಬಟ್ಟೆಯನ್ನೆಲ್ಲ ಕಪಾಟಿನಿಂದಲೇ ಹೊರಡಿಸುವುದು ನನ್ನ ಪಾಲಿನ ಕೆಲಸ.

ತಯಾರಿ ಶುರುವಾಗುವುದು ಬಟ್ಟೆಯಿಂದ ಅಲ್ಲ, ಕ್ಷೌರದಿಂದ. ಕುರ್ಬಾನಿ ಕೊಡುವವರು ಜಿಲ್‌ಹಜ್ ಚಂದ್ರ ಕಂಡ ಮೇಲೆ ಕುರ್ಬಾನಿ ಆಗುವ ತನಕ ಕೂದಲು, ಉಗುರು ತೆಗೆಯುವುದಿಲ್ಲ. ನಿಯಮ ಇರುವುದು ಕೊಡುವವರಿಗೆ, ಆದರೆ ನಮ್ಮಲ್ಲಿ ಮನೆಮಂದಿಯೆಲ್ಲ ಪಾಲಿಸುತ್ತಾರೆ. ಹಾಗಾಗಿ ಅದರ ಹಿಂದಿನ ತಿಂಗಳು ಜಿಲ್‌ಖಾದ್ 29ರ ಸಂಜೆಯೊಳಗೆ ಮಗನ ತಲೆಕೂದಲು, ಎಲ್ಲರ ಉಗುರು, ಮನೆಯವರ ಗಡ್ಡ ಮೀಸೆಯ ಟ್ರಿಮ್ಮು ಮುಗಿದಿರಬೇಕು. ಆಮೇಲೆ ಚಂದ್ರ ಕಂಡರೆ ಸೆಲೂನಿನವನೂ ಕೈ ಹಾಕುವ ಹಾಗಿಲ್ಲ. ರಂಜಾನ್ ಈದಿಗೆ ಹಿಂದಿನ ರಾತ್ರಿ ಸೆಲೂನಿನ ಮುಂದೆ ಸಾಲು ಇರುತ್ತದೆ. ಬಕ್ರೀದ್‌ನ ಹಿಂದಿನ ರಾತ್ರಿ ಅದೇ ಅಂಗಡಿಯಲ್ಲಿ ಆ ಗದ್ದಲ ಇರುವುದಿಲ್ಲ. ಹತ್ತು ದಿನ ಬೆಳೆದ ಮೀಸೆ, ಇಸ್ತ್ರಿ ಮಾಡಿದ ಬಿಳಿ ಕುರ್ತಾ, ನಮ್ಮ ಗಂಡಸರ ಬಕ್ರೀದ್ ವೇಷ ಇದೇ. ಹೆಣ್ಣುಮಕ್ಕಳಿಗೆ ಮೆಹಂದಿಗೆ ಅಡ್ಡಿಯಿಲ್ಲ. ಉದ್ದ ಉಗುರಿಗೆ ಮೆಹಂದಿ ಇನ್ನೂ ಚೆನ್ನಾಗಿ ಕಾಣುತ್ತದೆ ಅಂತ ನನ್ನ ಮಗಳ ವಾದ.

ಈ ಹಬ್ಬಕ್ಕೆ ಒಬ್ಬೊಬ್ಬರಿಗೂ ಎರಡು ಜೊತೆ ತೆಗೆದಿಡಬೇಕು. ಒಂದು ನಮಾಜಿಗೆ, ಇನ್ನೊಂದು ಮಾಂಸದ ಕೆಲಸಕ್ಕೆ. ಎರಡನೆಯದನ್ನು ಯಾರೂ ಮೊದಲೇ ಯೋಚಿಸುವುದಿಲ್ಲ. ಈದ್ಗಾದಿಂದ ಬಂದವರು ಅದೇ ಬಿಳಿ ಕುರ್ತಾದಲ್ಲಿ ಬಕೆಟ್ ಎತ್ತಿಕೊಂಡು ಹೊರಟರೆ ಮುಗಿಯಿತು. ನಾನು ಹಿಂದಿನ ರಾತ್ರಿಯೇ ಬಾಗಿಲ ಹಿಂದಿನ ಮೊಳೆಗೆ ಹಳೆ ಲುಂಗಿ, ಕಂದು ಬಣ್ಣದ ಟೀ ಶರ್ಟು ತೂಗುಹಾಕಿರುತ್ತೇನೆ. ಒಳಗೆ ಬಂದ ತಕ್ಷಣ ಕಣ್ಣಿಗೆ ಬೀಳಬೇಕು. ಕಪಾಟಿನಲ್ಲಿ ಇಟ್ಟರೆ ಹುಡುಕುವುದಿಲ್ಲ, ಗಂಡಸರಲ್ವಾ.

ನಮಾಜಿನ ಜೊತೆಯನ್ನು ಹಿಂದಿನ ದಿನವೇ ಇಸ್ತ್ರಿ ಮಾಡಿ ಹ್ಯಾಂಗರಿಗೆ ಹಾಕಬೇಕು. ಬಕ್ರೀದ್ ನಮಾಜು ರಂಜಾನ್ ಈದಿಗಿಂತ ಬೇಗ. ರಂಜಾನ್ ಈದಿಗೆ ಖರ್ಜೂರ ತಿಂದು ಹೊರಡುತ್ತಾರೆ, ಬಕ್ರೀದ್‌ಗೆ ಏನೂ ತಿನ್ನದೆ ಹೋಗುವುದು ಸುನ್ನತ್. ಒಂದು ರೀತಿಯಲ್ಲಿ ನನಗೆ ಇದು ಅನುಕೂಲವೇ. ಬೆಳಗ್ಗೆ ಕುರ್ತಾದ ಮೇಲೆ ಚಹಾ ಚೆಲ್ಲುವುದಿಲ್ಲ. ಅತ್ತರ್ ಬಟ್ಟೆಗೆ ಹಚ್ಚಬೇಡಿ ಅಂತ ಮಾತ್ರ ಪ್ರತಿ ಸಲ ಹೇಳಬೇಕು. ಅದು ಎಣ್ಣೆ, ಬಿಳಿ ಬಟ್ಟೆಯಲ್ಲಿ ಹಳದಿ ಚುಕ್ಕೆ ಉಳಿಯುತ್ತದೆ. ಮಣಿಕಟ್ಟಿಗೆ, ಕಿವಿಯ ಹಿಂದೆ ಸಾಕು.

ಪುಣೆಯಲ್ಲಿ ಜೂನ್ ಅಂದರೆ ಮಳೆ. 2025ರಲ್ಲಿ ಹಬ್ಬ ಜೂನ್ 7ಕ್ಕೆ ಬಂತು, ಮಳೆ ಮೇ ಕೊನೆಗೇ ಬಂದುಬಿಟ್ಟಿತ್ತು. ಗೋಳಿಬಾರ್ ಮೈದಾನದ ಈದ್ಗಾದ ನೆಲ ಒದ್ದೆಯಾಗಿದ್ದರೆ ಸಜ್ದಾ ಮಾಡುವಾಗ ಪೈಜಾಮದ ಎರಡೂ ಮೊಣಕಾಲಿಗೆ ಕೆಸರು ಹತ್ತುತ್ತದೆ. ಇದಕ್ಕೆ ನನ್ನ ಉಪಾಯ: ಜಾನಮಾಜಿನ, ಅಂದರೆ ನಮಾಜಿನ ಚಾಪೆಯ ಅಡಿಗೆ ಅದೇ ಅಳತೆಯ ಪ್ಲಾಸ್ಟಿಕ್ ಹಾಳೆ. ಸುಮ್ನೆ ಕೆಳಗೆ ಹಾಸಿದರೆ ಜಾರುತ್ತದೆ, ಅದಕ್ಕೆ ನಾಲ್ಕು ಮೂಲೆಗೂ ದಾರದ ಟಾಕಾ (ಕಚ್ಚಾ ಹೊಲಿಗೆ) ಹಾಕಿಬಿಡುತ್ತೇನೆ. ಮನೆಗೆ ಬಂದ ಮೇಲೆ ಬಿಚ್ಚಿದರಾಯಿತು. ಪೈಜಾಮವನ್ನು ಹೇಗೂ ಹರಡಿನ ಮೇಲೆ ನಿಲ್ಲುವ ಹಾಗೆ ಹೊಲಿಯುತ್ತೇವೆ, ಆದ್ದರಿಂದ ತುದಿ ಒದ್ದೆಯಾಗುವುದು ಕಡಿಮೆ. ಹಬ್ಬ ವರ್ಷಕ್ಕೆ ಹತ್ತು ಹನ್ನೊಂದು ದಿನ ಹಿಂದೆ ಸರಿಯುತ್ತದೆ. ಇನ್ನು ಕೆಲವು ವರ್ಷ ಮೇ ತಿಂಗಳ ಬಿಸಿಲು. ಆಗ ಮಲ್‌ಮಲ್ ಒಂದೇ ಗತಿ.

ಈಗ ಹೆಂಗಸರ ಬಟ್ಟೆಗೆ ಬರುತ್ತೇನೆ. ನಮ್ಮ ಮನೆಯಲ್ಲಿ ಹೆಂಗಸರು ಈದ್ಗಾಕ್ಕೆ ಹೋಗುವ ರೂಢಿಯಿಲ್ಲ. ಹೊರಗೆ ಹೋದರೂ ಮೇಲೆ ಬುರ್ಖಾ. ಹಾಗಾಗಿ ನಮ್ಮ ಅಲಂಕಾರ ಮನೆಯವರಿಗೆ, ಬಂದುಹೋಗುವ ನೆಂಟರಿಗೆ. ಜೊತೆಗೆ ಒಲೆಯ ಮುಂದೆ ನಿಲ್ಲುವುದೂ ನಾವೇ. ಮಾಂಸ ಬಂದ ಕೂಡಲೇ ಮೊದಲು ಕಲೇಜಿ (ಲಿವರು) ಹುರಿಯಬೇಕು, ನಮಾಜಿನಿಂದ ಹಸಿದು ಬಂದವರು ಕಾಯುತ್ತಿರುತ್ತಾರೆ. ಜರಿ ತುಂಬಿದ ಶರಾರಾ, ನೆಟ್ಟಿನ ದುಪಟ್ಟಾ ಹಾಕಿಕೊಂಡು ಈ ಕೆಲಸ ಆಗುವುದಲ್ಲ. ಉದ್ದ ತೋಳು ಮಸಾಲೆಯಲ್ಲಿ ಅದ್ದುತ್ತದೆ. ನಾನು ಹಬ್ಬದ ಕುರ್ತಾಗಳ ತೋಳಿನ ಒಳಗಡೆ ಮೊಣಕೈಗಿಂತ ಸ್ವಲ್ಪ ಕೆಳಗೆ ಒಂದು ಸಣ್ಣ ಪಟ್ಟಿ ಹೊಲಿದು, ಹೊರಗಡೆ ಗುಂಡಿ ಇಡುತ್ತೇನೆ. ತೋಳು ಮಡಿಚಿ ಪಟ್ಟಿಯನ್ನು ಗುಂಡಿಗೆ ಸಿಕ್ಕಿಸಿದರೆ ದಿನವಿಡೀ ಜಾರುವುದಿಲ್ಲ. ನೆಂಟರು ಬಂದಾಗ ಬಿಚ್ಚಿ ಇಳಿಸಿದರೆ ಪೂರ್ತಿ ತೋಳು. ಇದೊಂದನ್ನು ಮಾಡಿಕೊಟ್ಟ ಮೇಲೆ ಕಟ್ಟಡದ ಎಷ್ಟೋ ಹೆಂಗಸರು ತಮ್ಮ ಕುರ್ತಾ ಹಿಡಿದು ಬಂದರು.

ಬಟ್ಟೆ ಎಲ್ಲಿಂದ ಅಂದರೆ, ಅಮ್ಮಿಯ ಇಳಕಲ್ ಸೀರೆಗಳಿಂದ. ನಮ್ಮ ಕಡೆ ಮುಸಲ್ಮಾನ ಹೆಂಗಸರೂ ಇಳಕಲ್ ಉಡುತ್ತಿದ್ದರು. ಅಮ್ಮಿ ಈಗ ಸೀರೆ ಉಡುವುದು ಬಿಟ್ಟಿದ್ದಾರೆ, ಟ್ರಂಕಿನಲ್ಲಿ ಸೀರೆಗಳು ಸುಮ್ನೆ ಮಡಿಕೆ ಬಿದ್ದಿದ್ದವು. ಹಳೆ ಸೀರೆ ಮೊದಲು ಸಾಯುವುದು ಮಡಿಕೆಯಲ್ಲೇ. ಅದಕ್ಕೆ ಕತ್ತರಿ ಹಿಡಿಯುವ ಮುಂಚೆ ಸೀರೆಯನ್ನು ಕಿಟಕಿಗೆ ಅಡ್ಡ ಹಿಡಿದು ಇಡೀ ಉದ್ದ ನೋಡುತ್ತೇನೆ. ಪಿಸಿದ ಜಾಗದಲ್ಲಿ ಬೆಳಕು ಜಾಸ್ತಿ ತೂರುತ್ತದೆ. ಅಲ್ಲಿಗೆ ಚಾಕ್‌ಪೀಸಿನಿಂದ ಗುರುತು. ಕುರ್ತಾದ ಬೆನ್ನು, ಬಗಲು ಆ ಗುರುತಿನ ಮೇಲೆ ಬರಬಾರದು, ಎಳೆತ ಬೀಳುವ ಜಾಗ ಅವು.

ಇಳಕಲ್ ಸೀರೆಯ ಒಡಲು ಮತ್ತು ಸೆರಗು ಬೇರೆ ಬೇರೆ ಹಾಸು (ಮಗ್ಗದ ಉದ್ದೆಳೆ). ನೇಕಾರರು ಎರಡರ ಎಳೆಗಳನ್ನು ಕೊಂಡಿ ಹಾಕಿ ಸೇರಿಸುತ್ತಾರೆ. ಆ ಕೊಂಡಿಯ ಸಾಲಿನಲ್ಲಿ ನಾನು ಕತ್ತರಿ ಆಡಿಸುವುದಿಲ್ಲ. ತೋಪು ತೆನೆ ಅನ್ನುವ ವಿನ್ಯಾಸದ ಕೆಂಪು ಸೆರಗು, ಕೊಂಡಿ, ಅದರ ಪಕ್ಕದ ಒಡಲು, ಇಷ್ಟೂ ಸೇರಿ ಸುಮಾರು ಎರಡೂಕಾಲು ಮೀಟರು ದುಪಟ್ಟಾಕ್ಕೆ ಹಾಗೇ ಬಿಡುತ್ತೇನೆ. ಉಳಿದ ಮೂರು ಮೀಟರಿನಲ್ಲಿ ಮಗಳ ಕುರ್ತಾ ಆರಾಮಾಗಿ ಆಗುತ್ತದೆ. ದಡಿಯನ್ನು ಮೊದಲೇ ಬಿಡಿಸಿಕೊಂಡು ಘೇರಿಗೆ, ತೋಳಿನ ತುದಿಗೆ ಹಚ್ಚುತ್ತೇನೆ. ಹಳೆ ಬಟ್ಟೆಗೆ ಲೈನಿಂಗ್ ಕಡ್ಡಾಯ. ತೆಳು ಹತ್ತಿ ಲೈನಿಂಗ್ ಕೊಟ್ಟರೆ ಎಳೆತವನ್ನು ಅದು ತಡೆಯುತ್ತದೆ, ಸೀರೆ ಮೇಲೆ ಬರೀ ಅಂದಕ್ಕೆ ನಿಲ್ಲುತ್ತದೆ. ಲೈನಿಂಗು, ಗುಂಡಿ, ದಾರಕ್ಕೆ ರವಿವಾರ ಪೇಟೆಗೆ ಹೋಗುತ್ತೇನೆ. ನಾನು ಹಬ್ಬಕ್ಕೆ ಮಾಡುವ ಖರೀದಿ ಅಷ್ಟೇ.

ಅಪ್ಪ, ಮಗ, ತಾಯಿ, ಮಗಳು ಎಲ್ಲರೂ ಒಂದೇ ಬಟ್ಟೆಯಲ್ಲಿ ಹೊಲಿಸಿಕೊಂಡು ಫೋಟೋ ತೆಗೆಸಿಕೊಳ್ಳುವುದು ಈಗ ಫ್ಯಾಷನ್. ನನಗೆ ಅದು ಬ್ಯಾಂಡ್ ಸೆಟ್ಟಿನವರ ಹಾಗೆ ಕಾಣುತ್ತದೆ. ಅದರ ಬದಲು ಉಳಿದ ದಡಿಯಿಂದ ಒಂದು ಬೆರಳಗಲದ ಪಟ್ಟಿ ತೆಗೆದು ಮಗನ ಹಳೆ ಕುರ್ತಾದ ಗುಂಡಿಪಟ್ಟಿಗೆ, ಮನೆಯವರ ಕಾಲರಿನ ಅಂಚಿಗೆ ಇಟ್ಟುಬಿಟ್ಟೆ. ರಂಜಾನ್ ಈದಿನ ಬಿಳಿ ಕುರ್ತಾನೇ, ಆದರೆ ನೋಡಿದವರಿಗೆ ಬೇರೆ ಅನಿಸಿತು.

ಅಲ್ಲೇ ಒಂದು ಪ್ರಶ್ನೆ ಎದ್ದಿತು. ಗಂಡಸರಿಗೆ ರೇಷ್ಮೆ ಸಲ್ಲುವುದಿಲ್ಲ. ಅಮ್ಮಿ ಕೇಳಿದರು, “ದಡಿ ರೇಷ್ಮೆದಲ್ಲಾ? ಹುಡುಗನಿಗೆ ಹೇಗೆ ಹಾಕ್ತೀಯಾ?” ಪ್ರವಾದಿಯವರ ಮಾತುಗಳ ಸಂಗ್ರಹವಾದ ಹದೀಸಿನಲ್ಲಿ ಎರಡು, ಮೂರು, ನಾಲ್ಕು ಬೆರಳಗಲದ ಅಂಚಿಗೆ ವಿನಾಯಿತಿ ಇದೆ. ಹಾಗಾಗಿ ಒಂದು ಬೆರಳಿಗೆ ತಕರಾರಿಲ್ಲ. ಆದರೂ ಅಮ್ಮಿಯ ಸಮಾಧಾನಕ್ಕೆ ಸುಟ್ಟು ನೋಡಿದೆ. ಇಳಕಲ್ ಸೀರೆಯಲ್ಲಿ ಅಸಲಿ ರೇಷ್ಮೆಯೂ ಇರುತ್ತದೆ, ಚಮಕಾ ಅನ್ನುವ ರೇಯಾನ್ ನೂಲೂ ಇರುತ್ತದೆ. ಕಣ್ಣಿಗೆ ಎರಡೂ ಒಂದೇ. ದಡಿಯಿಂದ ಒಂದು ಎಳೆ ಕಿತ್ತು, ಚಿಮಟಿಗೆಯಲ್ಲಿ ಹಿಡಿದು, ಸ್ಟೌವಿನ ಉರಿಗೆ ತಾಗಿಸಬೇಕು. ಕೂದಲು ಸುಟ್ಟ ವಾಸನೆ ಬಂದು, ತುದಿಯ ಕರಿ ಬೂದಿ ಬೆರಳಲ್ಲಿ ಪುಡಿಯಾದರೆ ರೇಷ್ಮೆ. ಕಾಗದ ಸುಟ್ಟ ವಾಸನೆಯಾದರೆ ಹತ್ತಿ, ಇಲ್ಲವೇ ರೇಯಾನ್. ಕರಗಿ ಗಟ್ಟಿ ಮಣಿಯಾದರೆ ಪಾಲಿಯೆಸ್ಟರ್. ನಮ್ಮದು ಕಾಗದದ ವಾಸನೆ ಬಂತು. ಅಮ್ಮಿಗೆ ನೆಮ್ಮದಿ, ಜೊತೆಗೆ ಸ್ವಲ್ಪ ಬೇಸರ. ಇಷ್ಟು ವರ್ಷ ಅದನ್ನು ರೇಷ್ಮೆ ಅಂತಲೇ ನಂಬಿದ್ದರು.

2023ರ ಬಕ್ರೀದ್ ಬಗ್ಗೆ ಹೇಳಲೇಬೇಕು. ಆ ವರ್ಷ ಹಬ್ಬವೂ ಆಷಾಢಿ ಏಕಾದಶಿಯೂ ಒಂದೇ ದಿನ, ಜೂನ್ 29. ವಿಠ್ಠಲನ ದರ್ಶನಕ್ಕೆ ನಡೆದು ಹೋಗುವ ವಾರಕರಿಗಳು ಪಂಢರಪುರ ಮುಟ್ಟಿರುವ ದಿನ. ಮಹಾರಾಷ್ಟ್ರದ ಎಷ್ಟೋ ಊರುಗಳಲ್ಲಿ ನಮ್ಮವರು ಅವತ್ತು ನಮಾಜ್ ಮಾತ್ರ ಮಾಡಿ, ಕುರ್ಬಾನಿಯನ್ನು ಮುಂದಕ್ಕೆ ಹಾಕಿದರು. ಕುರ್ಬಾನಿಗೆ ಜಿಲ್‌ಹಜ್ 10, 11, 12, ಮೂರು ದಿನ ಅವಕಾಶ ಇರುವುದರಿಂದ ತೊಂದರೆಯಿಲ್ಲ. ನಮ್ಮ ಮನೆಯಲ್ಲೂ ಹಾಗೇ ಮಾಡಿದೆವು. ಬಾಗಿಲ ಹಿಂದಿನ ಲುಂಗಿ ಅವತ್ತು ಅಲ್ಲೇ ತೂಗುತ್ತಿತ್ತು. ಬಿಳಿ ಕುರ್ತಾ ಸಂಜೆಯ ತನಕ ಬಿಳಿಯಾಗೇ ಉಳಿಯಿತು. ಹಬ್ಬದ ಬಟ್ಟೆಯಲ್ಲಿ ಇಡೀ ದಿನ ಕೂತು ಮಾತಾಡಲು ಸಿಕ್ಕ ಬಕ್ರೀದ್ ನನಗೆ ಅದೊಂದೇ. ಉಗುರು ಮಾತ್ರ ಇನ್ನೊಂದು ದಿನ ಕಾಯಬೇಕಾಯಿತು.

ಮೇಲಿನ ಮಹಡಿಯಲ್ಲಿ ಜಮಖಂಡಿ ಕಡೆಯವರೊಬ್ಬರು ಇದ್ದಾರೆ. ಅವರಿಗೆ ಉಪವಾಸ, ನಮ್ಮ ಹಬ್ಬದ ಪಾಯಸ ಸುರಕುಂಬಾದ ಶ್ಯಾವಿಗೆ ನಡೆಯುವುದಿಲ್ಲ. ಖರ್ಜೂರ, ಬಾಳೆಹಣ್ಣು ಕೊಟ್ಟೆ. ಅವರೇ ಸಾಬೂದಾಣಿ ಖಿಚಡಿ ತಂದಿದ್ದರು. ಮಗಳ ದುಪಟ್ಟಾ ಕೈಗೆ ತೆಗೆದುಕೊಂಡು ಸೆರಗಿನ ತೆನೆಯನ್ನು ಬೆರಳಿಂದ ಸವರಿದರು.

“ವೈನಿ, ಇದು ನಮ್ಮ ಇಳಕಲ್ ಸೀರೀ ಅಲ್ಲೇನ್ರಿ?”

“ಹೌದ್ರಿ. ಅಮ್ಮಿದು.”

“ನಮ್ಮವ್ವನ್ದೂ ಎರಡ ಅದಾವು. ಕತ್ತರಿ ಹಚ್ಚಿದ್ರ ಅಕಿ ನನ್ನ ಕಡಿತಾಳ.”

ದೀಪಾವಳಿ ಹೊತ್ತಿಗೆ ಎರಡರಲ್ಲಿ ಒಂದು ಸೀರೆ ನನ್ನ ಮಷಿನ್ ಮೇಲೆ ಬಂತು. ಅವ್ವನಿಗೆ ಹೇಳಿದ್ದಾರೋ ಇಲ್ಲವೋ ಕೇಳಲು ಹೋಗಲಿಲ್ಲ.

ಕೊನೆಯದು ಒಗೆಯುವ ವಿಷಯ. ರಕ್ತದ ಕಲೆಗೆ ಬಿಸಿನೀರು ಮುಟ್ಟಿಸಲೇಬಾರದು. ಬಿಸಿ ತಾಗಿದರೆ ರಕ್ತದ ಪ್ರೋಟೀನು ಬೆಂದು ನೂಲಿಗೆ ಅಂಟಿಕೊಳ್ಳುತ್ತದೆ, ಮತ್ತೆ ಹೋಗುವುದಿಲ್ಲ. ತಣ್ಣೀರಿಗೆ ಒಂದು ಮುಷ್ಟಿ ಉಪ್ಪು ಹಾಕಿ ನೆನೆಸಿ, ಕಲೆ ತಿಳಿಯಾದ ಮೇಲೆ ಸೋಪು. ಬಿಳಿ ಬಟ್ಟೆಯಲ್ಲಿ ಹಳೆ ಕಲೆ ಉಳಿದರೆ ಮೆಡಿಕಲ್ ಶಾಪಿನ ಹೈಡ್ರೋಜನ್ ಪೆರಾಕ್ಸೈಡ್ ಎರಡು ಹನಿ ಸಾಕು, ಬಣ್ಣದ ಬಟ್ಟೆಗೆ ಅದು ಬೇಡ. ಕೊಬ್ಬಿನ ಜಿಡ್ಡಿಗೆ ಮಾತ್ರ ಬಿಸಿನೀರೇ ಬೇಕು. ಆದ್ದರಿಂದ ಮೊದಲು ರಕ್ತ, ಆಮೇಲೆ ಜಿಡ್ಡು, ಈ ಕ್ರಮ ತಪ್ಪಿಸಬೇಡಿ. ಇಳಕಲ್ ದಡಿ ಹಚ್ಚಿದ ಕುರ್ತಾವನ್ನು ಬೇರೆ ಬಿಳಿ ಬಟ್ಟೆಯ ಜೊತೆ ಬಕೆಟ್‌ಗೆ ಹಾಕುವ ಹಾಗಿಲ್ಲ. ಹಳೆ ಕೆಂಪು ಬಣ್ಣ ಬಿಡುವುದಿಲ್ಲ ಅನ್ನುವ ಭರವಸೆ ಇಲ್ಲ. ಪಟ್ಟಿ ಹಚ್ಚುವ ಮುಂಚೆಯೇ ಅದನ್ನು ನೆನೆಸಿ, ಬಿಳಿ ಬಟ್ಟೆಯ ಮೇಲೆ ಒತ್ತಿ ನೋಡಿ. ಬಿಳಿ ಮೇಲೆ ಗುಲಾಬಿ ಗುರುತು ಬಿದ್ದರೆ ಆ ಪಟ್ಟಿ ಗಂಡಸರ ಕಾಲರಿಗೆ ಬೇಡ, ಚೀಲಕ್ಕೋ ದಿಂಬಿನ ಕವರಿಗೋ ಇಟ್ಟುಕೊಳ್ಳಿ.