ಚೆಂಡೆಗೆ ಚೆಲ್ಲೊ ಕೂಡಿಸಿದ ಬಗೆ

"ಚೆಂಡೆ ಬಿದ್ದಲ್ಲಿ ಚೆಲ್ಲೊ ಕೇಳುವುದುಂಟಾ?" ಎಂದು ಉಡುಪಿಯ ಯಕ್ಷಗಾನ ಹಿಮ್ಮೇಳದವರೂ ಕೇಳಿದ್ದರು, ಮಂಗಳೂರಿನ ಪಿಟೀಲು ಮೇಷ್ಟ್ರುಗಳೂ ಕೇಳಿದ್ದರು. ಯಕ್ಷಗಾನದ ಹಾಡು, ಚೆಂಡೆಗಳಿಗೆ ಪಾಶ್ಚಾತ್ಯರ ದೊಡ್ಡ ಪಿಟೀಲಿನಂಥ ಚೆಲ್ಲೊ ಕೂಡಿಸಿದ 22 ನಿಮಿಷದ ಕೃತಿ, ಝಂಪೆ ತಾಳದಿಂದ ತ್ರಿವುಡೆ ತಾಳಕ್ಕೆ. ಚೆಲ್ಲೊ ಕಡೆಯ ಸಾಲಿನವರೆಗೂ ಕೇಳಿತು.

ಮೊದಲೆರಡು ಸಲ ಕೆಟ್ಟದ್ದು ಶ್ರುತಿಯಲ್ಲಿ. ಹಾಡುವ ಭಾಗವತರದ್ದು ಕಪ್ಪು ಒಂದು, ಅಂದರೆ ಹಾರ್ಮೋನಿಯಂನ ಮೊದಲ ಕಪ್ಪು ಮನೆಯ ಶ್ರುತಿ. ಚೆಲ್ಲೊದ ನಾಲ್ಕು ತಂತಿಗಳಲ್ಲಿ ಒಂದೂ ಆ ಷಡ್ಜ-ಪಂಚಮಕ್ಕೆ ಒದಗುವುದಿಲ್ಲ. ಹಾಡುವವರನ್ನು ಇಳಿಸಬಾರದು, ತಂತಿಯನ್ನು ಬಗ್ಗಿಸಬೇಕು: ಮಂದ್ರದ ಎರಡನ್ನು ಅರ್ಧ ಸ್ವರ ಏರಿಸಿ, ಮೇಲಿನೆರಡನ್ನು ಅರ್ಧ ಸ್ವರ ಇಳಿಸಿ. ಸ-ಪ-ಸ-ಪ ಬಂತು. ಏರಿಸಿದ ತಂತಿಗೆ ಎಳೆತ ನೂರಕ್ಕೆ ಹನ್ನೆರಡರಷ್ಟು ಹೆಚ್ಚು. ಹಳೆಯ ತಂತಿ ತಾಳದು. ಎರಡು ತುಂಡಾದವು, ಒಂದೊಂದಕ್ಕೆ ಸುಮಾರು 4,000 ಹೋಯಿತು. ಹಿಂದಿನ ದಿನವೇ ಏರಿಸಿಡಿ, ಇಲ್ಲದಿದ್ದರೆ ರಂಗದಲ್ಲಿ ಇಳಿಯುತ್ತಲೇ ಇರುತ್ತದೆ.

ಶ್ರುತಿಗೆ ಹಾರ್ಮೋನಿಯಂ ಬೇಡ. ಅದರ ಅಂತರ ಗಾಂಧಾರ ಶುದ್ಧವಾದದ್ದಕ್ಕಿಂತ 14 ಸೆಂಟ್‌ನಷ್ಟು ಏರು (ಅರ್ಧ ಸ್ವರದ ನೂರನೇ ಒಂದು ಪಾಲು ಒಂದು ಸೆಂಟ್). ಚೆಲ್ಲೊದ ಷಡ್ಜದ ತಂತಿಯಲ್ಲಿ ಐದನೇ ಒಂದು ಭಾಗಕ್ಕೆ ಬೆರಳನ್ನು ಒತ್ತದೆ ಬರೀ ತಾಗಿಸಿ ಕಮಾನು ಎಳೆದರೆ ಶುದ್ಧ ಅಂತರ ಗಾಂಧಾರ ತಾನಾಗಿ ನುಡಿಯುತ್ತದೆ. ಭಾಗವತರು ತಲೆದೂಗಿದ್ದು ಅಲ್ಲೇ. ನಡುವೆ ಹಳೇ ಪುಂಗಿಯನ್ನೂ ಶ್ರುತಿಗೆ ಹಿಡಿಸಿ ನೋಡಿದ್ದುಂಟು. ನಾದ ಚೆಂದ, ಆದರೆ ಚೆಲ್ಲೊದ ಮಂದ್ರವನ್ನು ನುಂಗುತ್ತದೆ.

ಚೆಂಡೆ, ಚೆಲ್ಲೊ ಎರಡನ್ನೂ ಒಟ್ಟಿಗೆ ಬಾರಿಸುವ ಹಟ ಬಿಟ್ಟ ಮೇಲೆ ಕೃತಿ ನಿಂತಿತು. ಜಪಾನಿನ ಸಂಗೀತ ರಚನೆಕಾರ ತೋರು ತಾಕೆಮಿತ್ಸು 1967ರ 'ನವೆಂಬರ್ ಸ್ಟೆಪ್ಸ್'ನಲ್ಲಿ ಅಲ್ಲಿನ ತಂತಿವಾದ್ಯ ಬೀವಾ, ಬಿದಿರ ಕೊಳಲು ಶಾಕುಹಾಚಿಗಳನ್ನು ಆರ್ಕೆಸ್ಟ್ರಾದೊಳಗೆ ಕರಗಿಸದೆ ಅದರ ಎದುರಿಗೇ ನಿಲ್ಲಿಸಿದರು. ಇಲ್ಲೂ ಹಾಗೆಯೇ: ಚೆಂಡೆ ಬಿಟ್ಟ ಜಾಗದಲ್ಲೇ ಚೆಲ್ಲೊ ಏಳಬೇಕು. ಚೆಂಡೆ 20 ಅಡಿ ಹಿಂದೆ, ಮೈಕಿಲ್ಲದೆ; ಚೆಲ್ಲೊಗೆ ಮಾತ್ರ ಸಣ್ಣ ಮೈಕು.

ಪಾಶ್ಚಾತ್ಯ ಲಿಪಿಯಲ್ಲಿ ಚೆಂಡೆಯ ನುಡಿತ ಬರೆದ 40 ಪುಟ ವ್ಯರ್ಥ. ಚೆಂಡೆಯವರಿಗೆ ಬಾಯಿತಾಳದ (ಬಾಯಲ್ಲಿ ಹೇಳುವ ತಾಳದ ನುಡಿಗಳ) ಒಂದೇ ಹಾಳೆ ಸಾಕು. ಚೆಲ್ಲೊದವರು ಆರ್ಕೆಸ್ಟ್ರಾ ನಿರ್ದೇಶಕರ ಕೋಲಿನ ಸನ್ನೆ ನೋಡದೆ ಭಾಗವತರ ಜಾಗಟೆಗೆ ಕಿವಿಗೊಡಬೇಕು. ಬಿಡ್ತಿಗೆಯ (ಹಾಡಿನ ನಡುವೆ ಬರುವ ಚೆಂಡೆ-ಮದ್ದಳೆಯ ನುಡಿತದ) ಕೊನೆಗೆ ಚೆಲ್ಲೊದವರನ್ನು ಎಬ್ಬಿಸುವ ಎರಡು ನುಡಿತಗಳಿವೆ; ಅವನ್ನು ಇಲ್ಲಿ ಬಿಚ್ಚುವುದಿಲ್ಲ.

ದೊಡ್ಡ ಪೆಟ್ಟು ಕೊಟ್ಟದ್ದು ಎಸಿ ಸಭಾಂಗಣ. ಹೊರಗೆ ಕರಾವಳಿಯ ಮಳೆ, ಒಳಗೆ ಒಣ ಗಾಳಿ. ಮದ್ದಳೆಯ ಚರ್ಮದ ಮುಚ್ಚಿಗೆ ಒಣಗಿ ಶ್ರುತಿ ಏರಿತು. ಚೆಲ್ಲೊದ ತಂತಿ ಬಿಗಿಯುವ ಬಿರಡೆ ಕುಗ್ಗಿ ಜಾರಿ ಶ್ರುತಿ ಇಳಿಯಿತು. ಬಾಡಿಗೆ, ಬೆಂಗಳೂರಿನ ವಾದಕರ ಮೂರು ದಿನದ ಖರ್ಚು ಸೇರಿ 35 ಸಾವಿರದಷ್ಟು ನೀರುಪಾಲು. ಮುಂದಿನ ಸಲ ಎಸಿ ಹಾಕಿಸಿ, ವಾದ್ಯಗಳನ್ನು ಎರಡು ಗಂಟೆ ಮೊದಲೇ ಒಳಗಿಟ್ಟು, ಬಿರಡೆಗೆ ಸೀಮೆಸುಣ್ಣ ಸವರಿದ್ದಾಯಿತು. ಶ್ರುತಿ ಮತ್ತೆ ಏರಿದರೆ ಇರಲೆಂದು ಅರ್ಧ ಶ್ರುತಿ ತಗ್ಗಿಸಿದ ಇನ್ನೊಂದು ಮದ್ದಳೆಯೂ ಪಕ್ಕದಲ್ಲಿತ್ತು, ಮುಟ್ಟಬೇಕಾಗಲಿಲ್ಲ.