ಮಾಳಿಗೆ ಬಿಸಿಲು ಬಿಟ್ಟು ಪೆಟ್ಟಿಗೆ ಬೆಳಕಿಗೆ: ಮನೆಯಲ್ಲೇ ಸೈನೋಟೈಪ್ ಲೈಟ್

ರಾಯಚೂರಿನಲ್ಲಿ ಕೂತು ಬೆಳಕಿಗೆ ದುಡ್ಡು ಹಾಕ್ತೀನಿ ಅಂದರೆ ಯಾರಾದರೂ ನಗ್ತಾರೆ. ನಾನೂ ಮೊದಲ ವರ್ಷ ಸೈನೋಟೈಪ್ (ಕಾಗದಕ್ಕೆ ರಾಸಾಯನಿಕ ಹಚ್ಚಿ, ನೆಗೆಟಿವ್ ಇಟ್ಟು ಬೆಳಕಿಗೆ ಒಡ್ಡಿ ತೊಳೆದರೆ ನೀಲಿ ಫೋಟೋ ಬರುವ ಹಳೇ ವಿಧಾನ) ಪ್ರಿಂಟ್ ಎಲ್ಲಾ ಮಾಳಿಗೆ ಮೇಲೇ ಮಾಡಿದೆ. ಆದರೆ ಏಪ್ರಿಲ್ ಮಧ್ಯಾಹ್ನ ಐದೇ ನಿಮಿಷಕ್ಕೆ ಆಗುತ್ತಿದ್ದ ಪ್ರಿಂಟ್ ಆಗಸ್ಟ್ ಮೋಡದಲ್ಲಿ ಅರ್ಧ ಗಂಟೆ ಆದರೂ ಪೂರ್ತಿ ಆಗುತ್ತಿರಲಿಲ್ಲ, ನಡುವೆ ಮೋಡ ಸರಿದು ಬಿಸಿಲು ಬಂತೋ ಲೆಕ್ಕವೇ ಕೆಟ್ಟುಹೋಗುತ್ತಿತ್ತು.

ಜಾನ್ ಹರ್ಷೆಲ್ 1842ರಲ್ಲಿ ಕಂಡುಹಿಡಿದ ಈ ವಿಧಾನಕ್ಕೆ ಬೇಕಾಗಿರೋದು ಯುವಿ, ಅಂದರೆ ಅತಿನೇರಳೆ ಬೆಳಕು. ಮನೆಯ ಬಿಳಿ ಎಲ್‌ಇಡಿಯಲ್ಲಿ ಅದು ಇಲ್ಲ ಅನ್ನುವಷ್ಟು ಕಮ್ಮಿ. ಹಾಗಾಗಿ ಅದರ ಮಂದ ಬೆಳಕಲ್ಲಿ ಕಾಗದಕ್ಕೆ ರಾಸಾಯನಿಕ ಹಚ್ಚಬಹುದು.

ಅಂಗಡಿಯಲ್ಲಿ 365ರಿಂದ 400 ನ್ಯಾನೋಮೀಟರ್ ಒಳಗಿನ ಲೈಟ್ ಕೇಳಿ. ಬೇಕರಿಯಲ್ಲಿ ನೊಣ ಹಿಡಿಯುವ ಪೆಟ್ಟಿಗೆಯಲ್ಲಿ ನೀಲಿಯಾಗಿ ಉರಿಯುತ್ತಲ್ಲ, ಆ ಟ್ಯೂಬ್ ಆಗುತ್ತೆ. ವಾಟರ್ ಫಿಲ್ಟರಿನ ಯುವಿ ಟ್ಯೂಬ್ ಮಾತ್ರ ಬೇಡವೇ ಬೇಡ. ಅದು 254 ನ್ಯಾನೋಮೀಟರಿನದು, ಕಣ್ಣು ಚರ್ಮ ಎರಡನ್ನೂ ಸುಡುತ್ತೆ. ಮೇಲಾಗಿ ಕಾಗದ, ನೆಗೆಟಿವ್ ಎರಡನ್ನೂ ಒತ್ತಿ ಹಿಡಿಯುವ ಫ್ರೇಮಿನ ಗಾಜು ಅದನ್ನು ಒಳಗೆ ಬಿಡೋದೇ ಇಲ್ಲ.

ನಾನು ಮೊದಲು ತಂದದ್ದು ಒಂದೇ ಒಂದು ಯುವಿ ಫ್ಲಡ್‌ಲೈಟ್. ಹತ್ತಿರ ಇಟ್ಟು ಕೋಟೆಯ ನವರಂಗ ದರವಾಜೆಯ ನೆಗೆಟಿವ್ ಹಾಕಿದರೆ ನಡುವಿನ ಕಮಾನು ಗಾಢ ನೀಲಿ, ನಾಲ್ಕೂ ಮೂಲೆ ತೊಳೆದ ಲುಂಗಿ ಹಾಗೆ ಪೇಲವ! ಅದಕ್ಕೇ ಟ್ಯೂಬಿಗೆ ಬಂದೆ.

ಪ್ಲೈವುಡ್ ಪೆಟ್ಟಿಗೆ ಮಾಡಿಸಿ, ಒಳಗೆ ಬಿಳಿ ಪೇಂಟ್ ಬಳಿಯಿರಿ. ಮೇಲ್ಭಾಗಕ್ಕೆ ಎರಡಡಿಯ ಆರು ಟ್ಯೂಬ್, ಮಧ್ಯದಿಂದ ಮಧ್ಯಕ್ಕೆ 5 ಸೆಂ.ಮೀ. ಅಂತರ. ಕಾಗದ ಟ್ಯೂಬಿನಿಂದ 8–10 ಸೆಂ.ಮೀ. ಕೆಳಗಿರಲಿ, ತೀರಾ ಹತ್ತಿರ ಆದರೆ ಪಟ್ಟೆಪಟ್ಟೆ ಬೀಳುತ್ತೆ. ವೈರಿಂಗ್ ಎಲೆಕ್ಟ್ರಿಷಿಯನ್ ಕೈಲೇ ಮಾಡಿಸಿ, ಅರ್ಥಿಂಗ್ ಬಿಡಬೇಡಿ. ನಮ್ಮ ಸೆಖೆಗೆ ಹಳೇ ಕಂಪ್ಯೂಟರ್ ಫ್ಯಾನ್ ಒಂದು ಹಿಂದೆ ಕೂರಿಸಿ. ಮುಂದೆ ದಪ್ಪ ಕಪ್ಪು ಬಟ್ಟೆ ಇಳಿಬಿಡಿ. ಉರಿಯುವ ಟ್ಯೂಬನ್ನು ಸುಮ್ನೆ ನೋಡ್ತಾ ನಿಲ್ಲಬೇಡಿ.

ಈಗ ಪರೀಕ್ಷೆ. ನೆಗೆಟಿವ್ ಇಲ್ಲದೆ ಒಂದಿಡೀ ಹಾಳೆಗೆ ರಾಸಾಯನಿಕ ಹಚ್ಚಿ ಒಣಗಿಸಿ, ಸ್ವಲ್ಪ ಹೊತ್ತು ಬೆಳಕಿಗಿಟ್ಟು ತೊಳೆಯಿರಿ. ಎಲ್ಲಾ ಕಡೆ ಒಂದೇ ನೀಲಿ ಬಂದರೆ ಪೆಟ್ಟಿಗೆ ಸರಿ. ಆಮೇಲೆ ನೆಗೆಟಿವ್ ಇಟ್ಟು, ಮೇಲೆ ಮುಚ್ಚಿದ ರಟ್ಟನ್ನು ಮೂರು ಮೂರು ನಿಮಿಷಕ್ಕೆ ಒಂದೊಂದು ಇಂಚು ಸರಿಸಿ, ಯಾವ ಪಟ್ಟಿ ಚೆನ್ನಾಗಿದೆಯೋ ಅದರ ಟೈಮ್ ಪೆಟ್ಟಿಗೆ ಮೇಲೇ ಪೆನ್ಸಿಲ್‌ನಲ್ಲಿ ಬರೆದಿಡಿ. ನನ್ನದರಲ್ಲಿ 12 ನಿಮಿಷ. ಟ್ಯೂಬ್ ಹಳತಾದ ಹಾಗೆ ಜಾಸ್ತಿ ಬೇಕಾಗುತ್ತೆ, ಆಗ ಮತ್ತೆ ರಟ್ಟು ಹಿಡೀರಿ.

ನಡುವೆ ಕರೆಂಟ್ ಹೋಯ್ತಾ? ಫ್ರೇಮ್ ಬಿಚ್ಚಬೇಡಿ, ಎಷ್ಟು ನಿಮಿಷ ಆಗಿತ್ತು ಅಂತ ಬರೆದುಕೊಂಡು ಬಟ್ಟೆ ಇಳಿಬಿಟ್ಟು ಚಹಾ ಕುಡಿದು ಬನ್ನಿ. ಕರೆಂಟ್ ಬಂದ ಮೇಲೆ ಉಳಿದ ನಿಮಿಷ ಕೊಟ್ಟರಾಯ್ತು.